ಅತ್ತೆ, ಮಾವ ಮತ್ತು ಮುಚ್ಚದ ಗೀರು

ಮಾವನೂ ತಡೆದುಬಿಟ್ಟಿದ್ದ.

ಟೀಚರಮ್ಮ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದಳು, ಕನ್ನಡಕ ಒರೆಸಿಕೊಂಡಳು, ಮತ್ತೆ ಕಣ್ಣಿಟ್ಟಳು. ಕನ್ನಡಕದ ತಪ್ಪೇನೂ ಇರಲಿಲ್ಲ. ತಟ್ಟೆಯ ನಡುವೆ ಎಳೆದಿದ್ದ ಗೀರು ನಿನ್ನೆ ಹೇಗಿತ್ತೋ ಹಾಗೆಯೇ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಮುಚ್ಚಬೇಕಾಗಿದ್ದ ಗೀರು ಅದು. ಮುಚ್ಚಿಕೊಂಡಿದ್ದರೆ ಈ ಶುಕ್ರವಾರ ಅವಳ ಪ್ರಬಂಧ ವಿಜ್ಞಾನ ಪತ್ರಿಕೆಗೆ ಹೋಗುತ್ತಿತ್ತು, ಟೀಚರಮ್ಮ ಡಾಕ್ಟರಮ್ಮ ಆಗುವ ದಾರಿ ತೆರೆದುಕೊಳ್ಳುತ್ತಿತ್ತು.

ಈ ಮಾವ ಯಾರೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಕೇಳುವವರ ತಲೆಯೂ ಅವಳ ತಲೆಯ ಹಾಗೆ ಕೆಟ್ಟು ಮೊಸರು ಗಡಿಗೆಯಾದೀತು.

ಜೀವಕೋಶದ ಒಳಗೆ ಸುದ್ದಿ ಸಾಗಿಸುವುದು ಕೈನೇಸ್ ಎಂಬ ಪ್ರೋಟೀನುಗಳ ಕೆಲಸ. ಒಂದು ಕೈನೇಸ್ ಪಕ್ಕದ ಪ್ರೋಟೀನಿಗೆ ಫಾಸ್ಫೇಟಿನ ಚೂರೊಂದನ್ನು ಅಂಟಿಸುತ್ತದೆ. ಅದು ಎಚ್ಚೆತ್ತು ಮುಂದಿನದನ್ನು ಎಬ್ಬಿಸುತ್ತದೆ. ಹೀಗೆ ಬಾಗಿಲಿಂದ ಬಾಗಿಲಿಗೆ ಸುದ್ದಿ ದಾಟಿ, ಕೊನೆಗೆ ಕೋಶ ಎದ್ದು ನಡೆಯುವುದೋ ಒಡೆದು ಎರಡಾಗುವುದೋ ತೀರ್ಮಾನವಾಗುತ್ತದೆ. ಇದರಲ್ಲಿ ಯಾರು ಯಾರಿಗೆ ಹೇಳಿದರು ಎಂದು ಪತ್ತೆ ಮಾಡುವುದು ಹೇಗೆ? ತುಂಬಿದ ಮನೆಯಲ್ಲಿ ಚಾಡಿ ಹೇಳುವವರನ್ನು ಹಿಡಿಯುವ ಉಪಾಯವೇ ಇಲ್ಲಿಯದೂ. ಒಬ್ಬರ ಬಾಯಿ ಕಟ್ಟಿ ನೋಡಬೇಕು, ಯಾವ ಸುದ್ದಿ ನಿಂತಿತೋ ಅದು ಅವರ ಮೂಲಕ ಹೋಗುತ್ತಿತ್ತು ಎಂದು ತಿಳಿಯಬೇಕು. ಕೈನೇಸಿನ ಬಾಯಿ ಕಟ್ಟುವ ರಾಸಾಯನಿಕಕ್ಕೆ ಇನ್ಹಿಬಿಟರ್ ಎನ್ನುತ್ತಾರೆ. ಕೈನೇಸಿನ ಮೈಯಲ್ಲಿರುವ ಸಣ್ಣ ಗುಳಿಯೊಂದರಲ್ಲಿ ಅದು ಹೋಗಿ ಕೂತುಬಿಟ್ಟರೆ ಮುಗಿಯಿತು, ಅಂಟಿಸುವ ಕೆಲಸ ಬಂದ್.

ಟೀಚರಮ್ಮ ಬಳಸುತ್ತಿದ್ದ ಇನ್ಹಿಬಿಟರಿಗೆ ಉದ್ದನೆಯ ಅಂಕಿಗಳ ಹೆಸರಿತ್ತು. ಬಾಯಿಗೆ ಬಾರದ ಹೆಸರು ಮನಸ್ಸಿಗೂ ಬಾರದು ಎಂದು ಹದಿನಾಲ್ಕು ವರ್ಷ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ಕಲಿತಿದ್ದ ಅವಳು ಅದಕ್ಕೆ ಅತ್ತೆ ಎಂದು ಹೆಸರಿಟ್ಟಳು. ಏನು ಹೊರಟರೂ ಬೇಡ ಎನ್ನುವವಳು. ಅದಕ್ಕೊಂದು ಜೋಡಿ ಇತ್ತು. ನೋಡಲು ಅದೇ ಮೈಕಟ್ಟು, ಒಂದು ತುದಿ ಮಾತ್ರ ಬೇರೆ ಕಡೆಗೆ ತಿರುಗಿದ್ದು. ಅಷ್ಟರಿಂದಲೇ ಅದು ಆ ಗುಳಿಯಲ್ಲಿ ಕೂರಲಾರದು, ಕೈನೇಸನ್ನು ತಡೆಯಲಾರದು. ನೋಡಲು ಗಂಭೀರ, ಆದರೆ ಜನ್ಮದಲ್ಲಿ ಯಾರನ್ನೂ ತಡೆದವನಲ್ಲ. ಅವನು ಮಾವ. ಹೆಸರುಗಳು ಇಡೀ ಲ್ಯಾಬಿಗೆ ಅಂಟಿಕೊಂಡವು. ಮುಖ್ಯಸ್ಥರಾದ ಸರ್ ಕೂಡ ಮೀಟಿಂಗಿನಲ್ಲಿ ನಗದೆ, "ಅತ್ತೆ ಹಾಕಿ ಎಷ್ಟು ಹೊತ್ತಾಯ್ತು?" ಎಂದು ಕೇಳುತ್ತಿದ್ದರು.

ಅವಳ ಪ್ರಯೋಗ ಸರಳ. ತಟ್ಟೆಯ ತಳದಲ್ಲಿ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಚಾಪೆಯ ಹಾಗೆ ಹರಡಿಕೊಂಡಿರುತ್ತವೆ. ಪೈಪೆಟಿನ ತುದಿಯಿಂದ ನಡುವೆ ಒಂದು ಗೀರು ಎಳೆದರೆ ಎರಡೂ ದಂಡೆಯ ಕೋಶಗಳು ತೆವಳುತ್ತ ಬಂದು ಮರುದಿನದ ಹೊತ್ತಿಗೆ ಗಾಯ ಮುಚ್ಚುತ್ತವೆ. ಅತ್ತೆಯನ್ನು ಹಾಕಿದ ತಟ್ಟೆಯಲ್ಲಿ ಮುಚ್ಚುವುದಿಲ್ಲ. ಅಂದರೆ ಗಾಯ ಮುಚ್ಚಿರೆಂಬ ಸುದ್ದಿ ಈ ಕೈನೇಸಿನ ಮೂಲಕವೇ ಹೋಗುತ್ತದೆ. ಇದೇ ಅವಳ ಪ್ರಬಂಧ, ಇದೇ ಅವಳ ಡಾಕ್ಟರೇಟು. ಪತ್ರಿಕೆಯ ಪರೀಕ್ಷಕರು ಮಾತ್ರ ಒಂದು ಪ್ರಶ್ನೆ ಕಳಿಸಿದ್ದರು: ಮಾವನನ್ನು ಹಾಕಿ ನೋಡಿದಿರಾ? ಅವನ ತಟ್ಟೆಯಲ್ಲಿ ಗೀರು ಮುಚ್ಚಿಕೊಂಡರೆ ತಾನೇ ಅತ್ತೆ ತಡೆದದ್ದು ಕೈನೇಸಿನ ಬಾಯಿ ಕಟ್ಟಿಯೇ ಎಂದು ನಂಬುವುದು. ಅಷ್ಟು ದಿನ ಯಾರೂ ಅವನನ್ನು ಮಾತಾಡಿಸಿರಲಿಲ್ಲ. ಅವನು ಫ್ರೀಜರಿನ ಮೂಲೆಯಲ್ಲಿ ಮುಚ್ಚಿದ ಸೀಸೆಯಲ್ಲಿ ಕೂತಿದ್ದ.

ಈಗ ಹಾಕಿ ನೋಡಿದ್ದಾಯಿತು. ಏನೂ ಮಾಡದವನು ಅತ್ತೆಗೆ ಸರಿಸಮನಾಗಿ ತಡೆದು ಕೂತಿದ್ದ.

"ಪುಟ್ಟಿ, ಬಾರೇ ಇಲ್ಲಿ. ಇದನ್ನ ನೋಡು."

ಪುಟ್ಟಿ ಲ್ಯಾಬಿನಲ್ಲಿ ಅವಳ ಪಕ್ಕದ ಮೇಜಿನವಳು, ಸಂಶೋಧನೆಗೆ ಸೇರಿ ಎರಡನೆಯ ವರ್ಷ. ಬಾಗಿಲಿಗೆ ತಲೆ ತಗುಲೀತೇ ಎಂದು ನೋಡಿಕೊಂಡು ಒಳಗೆ ಬರುವಷ್ಟು ಎತ್ತರದ ಹುಡುಗಿ, ಆದ್ದರಿಂದಲೇ ಆ ಹೆಸರು. ಅವಳು ಮೈ ಮಡಚಿ ಮೈಕ್ರೋಸ್ಕೋಪಿಗೆ ಬಗ್ಗಿದಳು.

"ಮುಚ್ಚಿಲ್ಲ ಅಕ್ಕ."

"ಮುಚ್ಚಿಲ್ಲ ಅನ್ನೋದು ನಂಗೂ ಕಾಣ್ತಿದೆ. ಯಾಕೆ ಮುಚ್ಚಿಲ್ಲ?"

"ಅತ್ತೆ ತಟ್ಟೇನೇ ನೋಡ್ತಿದೀವೇನೋ?"

ಇಬ್ಬರೂ ಮುಚ್ಚಳ ತಿರುಗಿಸಿ ನೋಡಿದರು. ಮೇಲೆ 'ಮಾ' ಎಂದೇ ಬರೆದಿತ್ತು. ಪಕ್ಕದಲ್ಲಿ 'ಅ' ಇತ್ತು, ಅದರಲ್ಲೂ ಗೀರು ತೆರೆದೇ ಇತ್ತು. ಅದರ ಪಕ್ಕದ ಸೊನ್ನೆ ತಟ್ಟೆಯಲ್ಲಿ ಮಾತ್ರ ಗೀರು ಎಲ್ಲಿತ್ತೆಂದು ಹುಡುಕಿದರೂ ಸಿಗದ ಹಾಗೆ ಮುಚ್ಚಿಕೊಂಡಿತ್ತು.

ಸೊನ್ನೆ ತಟ್ಟೆ ಆ ಲ್ಯಾಬಿನ ಹಳೆಯ ಪದ್ಧತಿ. ಇನ್ಹಿಬಿಟರುಗಳು ನೀರಿನಲ್ಲಿ ಕರಗುವುದಿಲ್ಲ, ಡಿಎಂಎಸ್‌ಒ ಎಂಬ ಎಣ್ಣೆಯಂಥ ದ್ರಾವಕದಲ್ಲಿ ಕರಗುತ್ತವೆ. ಆದ್ದರಿಂದ ಮದ್ದು ಬೀಳದ ತಟ್ಟೆಗೂ ಬರೀ ಡಿಎಂಎಸ್‌ಒ ಹಾಕಿಡಬೇಕು, ಹೋಲಿಸಿ ನೋಡಲು. ಒಬ್ಬೊಬ್ಬರೂ ಬೇರೆ ಬೇರೆ ಮಾಡುವುದು ಯಾಕೆಂದು ಬೆಳಿಗ್ಗೆ ಬಂದ ಕೂಡಲೇ ಒಬ್ಬರು ಎಲ್ಲರಿಗೂ ಸೇರಿಸಿ ಸೊನ್ನೆ ತಟ್ಟೆಗಳನ್ನು ಮಾಡಿಡುತ್ತಿದ್ದರು. ಮೊದಲು ಟೀಚರಮ್ಮ ಮಾಡುತ್ತಿದ್ದಳು. ಪುಟ್ಟಿ ಬಂದ ಮೇಲೆ ಅದು ಪುಟ್ಟಿಯ ಪಾಲಿಗೆ ಬಂತು.

ಮತ್ತೊಮ್ಮೆ ಮಾಡಿ ನೋಡಿದರು. ಮರುದಿನವೂ ಮಾವ ತಡೆದ.

*

ಸರ್ ಕುರ್ಚಿಯನ್ನು ಅತ್ತಿತ್ತ ತಿರುಗಿಸುತ್ತ ಚಿತ್ರಗಳನ್ನು ನೋಡಿದರು. ಸ್ವಭಾವದಲ್ಲಿ ಒಳ್ಳೆಯವರು, ಆದರೆ ಯಾವ ಮಾತನ್ನೂ ಅಡ್ಡಗೋಡೆಯ ಮೇಲಿನ ದೀಪದಂತೆ ಆಡುವವರು. ಅಂದು ಮಾತ್ರ ನೇರವಾಗಿ ಹೇಳಿದರು.

"ಇದು ಮಾವ ಅಲ್ಲ. ಎರಡೂ ಟ್ಯೂಬಲ್ಲಿ ಅತ್ತೇನೇ ಇದೆ. ಮಾವನ ಪುಡಿ ಕರಗಿಸಿ ಟ್ಯೂಬಿಗೆ ತುಂಬಿದ್ದು ಯಾರು?"

"ನಾನು ಸರ್," ಎಂದಳು ಪುಟ್ಟಿ. "ಆದ್ರೆ ಮಾವನ ಸೀಸೆಯಿಂದಾನೇ ತುಂಬಿದ್ದು."

"ಅವತ್ತು ಮೇಜಿನ ಮೇಲೆ ಅತ್ತೆ ಇರ್ಲಿಲ್ವಾ?"

"ಇತ್ತು ಸರ್. ಅದನ್ನೂ ಅವತ್ತೇ ಹೊಸದಾಗಿ ತುಂಬಿದ್ದು."

ಸರ್ ಟೀಚರಮ್ಮನ ಕಡೆ ನೋಡಿದರು. ಟೀಚರಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಇಳಿದದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಒಂದೇ ಥರದ ಸೀಸೆ, ಒಂದೇ ಬಣ್ಣದ ಮುಚ್ಚಳ ಪುಟ್ಟಿ. ಯಾರಿಗಾದ್ರೂ ಕೈ ತಪ್ಪತ್ತೆ. ನೆನಪು ಮಾಡ್ಕೊಂಡು ನೋಡು."

"ಇಲ್ಲ ಅಕ್ಕ. ನೋಡ್ಕೊಂಡೇ ತುಂಬಿದೀನಿ."

"ನೋಡ್ಕೊಂಡೇ ಅಂತ ಎಲ್ಲರೂ ಅಂದ್ಕೊಳ್ತಾರೆ."

ಇದನ್ನು ಸರ್ ಹೇಳಿದರೋ ತಾನು ಹೇಳಿದೆನೋ ಎಂಬುದು ಆಮೇಲೆ ಟೀಚರಮ್ಮನಿಗೆ ನೆನಪಾಗಲಿಲ್ಲ. ತಾನೇ ಹೇಳಿರಬೇಕು, ಏಕೆಂದರೆ ಪುಟ್ಟಿ ಅವಳ ಮುಖವನ್ನೇ ನೋಡಿದ್ದಳು. ಪುಡಿಯ ಸೀಸೆ ಖಾಲಿಯಾಗಿತ್ತು, ಹೊಸದು ಬರಲು ವಾರಗಳೇ ಬೇಕು. ಟ್ಯೂಬಿನಲ್ಲಿರುವುದು ಅತ್ತೆಯೋ ಮಾವನೋ ಎಂದು ಅಣುವಿನ ರಚನೆ ನೋಡಿ ಹೇಳುವ ಯಂತ್ರ ಇನ್ನೊಂದು ಕಟ್ಟಡದಲ್ಲಿತ್ತು, ಅದರ ಮುಂದೆ ಬರುವ ತಿಂಗಳವರೆಗೆ ಸಾಲು. ಪ್ರಬಂಧಕ್ಕೆ ಉತ್ತರ ಕಳಿಸಲು ಇದ್ದದ್ದು ಶುಕ್ರವಾರದವರೆಗೆ ಮಾತ್ರ. ತಪ್ಪಿದರೆ ಟೀಚರಮ್ಮನ ಸಂಶೋಧನೆಯ ಅವಧಿ ಮುಗಿಯುತ್ತದೆ. ಮತ್ತೆ ಹಳೆಯ ಶಾಲೆ, ಹಳೆಯ ಗಂಟೆ, ಮತ್ತು 'ಹೋದ ಪುಟ್ಟ ಬಂದ ಪುಟ್ಟ' ಎಂದು ಕಣ್ಣಲ್ಲೇ ನಗುವ ಹೆಡ್‌ಮಾಸ್ಟರು.

*

ಮನೆಯಲ್ಲಿ ಇನ್ನೊಂದು ವಿಚಾರಣೆ ಕಾದಿತ್ತು. ಇಲ್ಲಿಯ ಅತ್ತೆಯವರು ಸೀಸೆಯ ಅತ್ತೆಯಲ್ಲ, ಗಂಡನ ತಾಯಿ, ನಿಜವಾದ ಅತ್ತೆಯವರು. ಬೇಡ ಎನ್ನುವುದರಲ್ಲಿ ಸೀಸೆಯ ಅತ್ತೆಗೆ ಹೆಸರು ಕೊಟ್ಟವರೇ ಇವರೆಂದು ಯಾರಾದರೂ ಊಹಿಸಿದರೆ ಟೀಚರಮ್ಮ ಒಪ್ಪಿಕೊಳ್ಳುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ಅವರ ಮೂಗು ಇಡೀ ಕಟ್ಟಡಕ್ಕೇ ಪ್ರಸಿದ್ಧ. ಕೆಳಗಿನ ಮನೆಯಲ್ಲಿ ಹಾಲು ತಳ ಹಿಡಿದರೆ ಮೂರನೆಯ ಮಹಡಿಯಿಂದ ಕೂಗಿ ಎಚ್ಚರಿಸುವವರು. ಲಿಫ್ಟ್ ರಿಪೇರಿ ಮಾಡುವ ಮಗನ ಮೈಯ ಗ್ರೀಸ್ ವಾಸನೆ ಮಾತ್ರ ಆ ಮೂಗಿಗೆ ಎಂದೂ ಬಡಿದದ್ದಿಲ್ಲ.

ಬಾಗಿಲು ತೆರೆದವರೇ ಮೂಗು ಮೇಲೆತ್ತಿದರು.

"ಇವತ್ತೂ ಬೆಳ್ಳುಳ್ಳಿ ತಿಂದಿದೀಯ."

"ಇಲ್ಲ ಅತ್ತೆ. ನೀವು ಕಟ್ಟಿದ ಡಬ್ಬಿ ಬಿಟ್ರೆ ಬೇರೇನೂ ತಿಂದಿಲ್ಲ."

"ನಾನು ಕಟ್ಟಿದ ಡಬ್ಬೀಲಿ ಬೆಳ್ಳುಳ್ಳಿ ಇರ್ಲಿಲ್ಲ. ಅದಕ್ಕೇ ಕೇಳ್ತಿರೋದು."

"ನಂಗೆ ವಾಸನೇನೇ ಬರ್ತಿಲ್ಲ."

"ತಿಂದವರಿಗೆ ಎಲ್ಲಿ ಬರತ್ತೆ? ನೋಡಮ್ಮ, ಲ್ಯಾಬ್ ಸೇರಿದ ಹೊಸದ್ರಲ್ಲಿ ಹಿಂಗಿರ್ಲಿಲ್ಲ. ಈಗೊಂದು ವರ್ಷದಿಂದ ವಾರದಲ್ಲಿ ಎರಡು ಮೂರು ಸಲ ಹಿಂಗೇ. ನನ್ನ ಅಡುಗೆ ಹಿಡಿಸ್ದೇ ಇದ್ರೆ ಬಾಯಿ ಬಿಟ್ಟು ಹೇಳು. ಹೊರಗೆ ಕದ್ದು ತಿನ್ನೋ ಅಗತ್ಯ ಏನಿದೆ?"

ಮಾತಿನ ಕೊನೆಯಲ್ಲಿ ಅವರ ದನಿ ಸಣ್ಣಗಾಯಿತು. ಇದು ಜಗಳವಲ್ಲ, ನೋವು ಎಂದು ಟೀಚರಮ್ಮನಿಗೆ ತಿಳಿಯಿತು. ತಿನ್ನದ ಬೆಳ್ಳುಳ್ಳಿ ತನ್ನ ಬಾಯಲ್ಲಿ ನಾರುತ್ತದೆ, ತಡೆಯಲಾರದ ಮಾವ ತನ್ನ ತಟ್ಟೆಯಲ್ಲಿ ತಡೆಯುತ್ತಾನೆ. ಅಂದು ಅವಳು ಹಲ್ಲು ಎರಡು ಸಲ ಉಜ್ಜಿ, ಗಂಡನ ಮುಂದೆ ಬಾಯಿ ತೆರೆದು, "ಮೂಸಿ ನೋಡ್ರೀ," ಎಂದಳು. ಅವನು ಮೂಸಿ, ಅತ್ತ ಅಮ್ಮನ ಕೋಣೆಯ ಬಾಗಿಲು ನೋಡಿ, ಇತ್ತ ಹೆಂಡತಿಯ ಮುಖ ನೋಡಿ, "ಇದೆ ಅಂದ್ರೆ ಇದೆ, ಇಲ್ಲ ಅಂದ್ರೆ ಇಲ್ಲ," ಎಂದ. ಗಂಡಂದಿರಿಂದ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಸಿಗುವುದು ಕಷ್ಟ.

*

ಮರುದಿನ ಬೆಳಿಗ್ಗೆ ಟೀಚರಮ್ಮ ಲ್ಯಾಬಿಗೆ ಬರುವಷ್ಟರಲ್ಲಿ ಪುಟ್ಟಿ ಸರ್ ಕೋಣೆಯಿಂದ ಹೊರಗೆ ಬರುತ್ತಿದ್ದಳು. ಕಣ್ಣು ಕೆಂಪಗಿದ್ದವು.

"ಹೇಳಿಬಿಟ್ಟೆ ಅಕ್ಕ. ನಾನೇ ತಪ್ಪು ಮಾಡಿರಬೇಕು. ಎರಡರಲ್ಲೂ ಅತ್ತೇನೇ ತುಂಬಿದೀನಿ."

"ನಿನ್ನೆ ಇಲ್ಲ ಅಂದ್ಯಲ್ಲೇ?"

"ನಿನ್ನೆ ನೆನಪಾಗಿರ್ಲಿಲ್ಲ."

ಸರ್ ಹಗುರವಾಗಿದ್ದರು. ಹುಡುಗಿಯನ್ನು ಬೈದಿರಲಿಲ್ಲ, ಇನ್ನು ಮುಂದೆ ಫ್ರೀಜರಿನ ಮದ್ದು ಮುಟ್ಟುವಾಗ ಜೊತೆಗೆ ಒಬ್ಬರು ಇರಲಿ ಎಂದಷ್ಟೇ ಹೇಳಿದ್ದರಂತೆ. ಸಂಶೋಧನೆ ಮಾಡುವವರಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಟೀಚರಮ್ಮನಿಗೆ ಅವರು ಹೇಳಿದ್ದು ಇಷ್ಟು: "ಮಾವ ಸರಿಯಾಗಿ ಸಿಕ್ಕಿಲ್ಲ, ಆಮೇಲೆ ಮಾಡಿ ಕಳಿಸ್ತೀವಿ ಅಂತ ಬರೆಯೋಣ. ನಾಳೆ ಸಂಜೆ ಪ್ರಬಂಧ ಹೋಗ್ಲಿ."

ಎಲ್ಲವೂ ಸರಿಹೋಗಿತ್ತು. ಟೀಚರಮ್ಮ ತನ್ನ ಮೇಜಿನ ಮುಂದೆ ಕೂತು, ಸಂತೋಷ ಯಾಕೆ ಬರುತ್ತಿಲ್ಲ ಎಂದು ಯೋಚಿಸಿದಳು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತೆ ಆಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಅವಳು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದಳು. ಮುಟ್ಟಿ ನೋಡಿಕೊಂಡವನೇ ಕಳ್ಳ ಎಂದು ನಗಿಸಿದ್ದಳು. ಎಲ್ಲರೂ ಒಂದೇ ಹೆಗಲನ್ನು ದಿಟ್ಟಿಸುತ್ತಿದ್ದರೆ ಕದಿಯದವನೂ ಮುಟ್ಟಿ ನೋಡಿಕೊಳ್ಳುವುದಿಲ್ಲವೇ ಎಂದು ಆಗ ಯಾವ ಮಗುವೂ ಕೇಳಿರಲಿಲ್ಲ.

ಇನ್ನೂ ಒಂದು ವಿಷಯ ಮುಳ್ಳಿನಂತೆ ಚುಚ್ಚುತ್ತಿತ್ತು. ಮೊದಲ ವರ್ಷ ಅತ್ತೆಯನ್ನು ಹಾಕಿದಾಗ ಫಲಿತಾಂಶ ಹೀಗೆ ಚೊಕ್ಕವಾಗಿ ಬರುತ್ತಲೇ ಇರಲಿಲ್ಲ. ಒಮ್ಮೆ ಗೀರು ಅರ್ಧ ಮುಚ್ಚುವುದು, ಒಮ್ಮೆ ಪೂರ್ತಿ ಮುಚ್ಚುವುದು. ಆಮೇಲೆ ಬಂದ ಅತ್ತೆಯ ಪುಡಿ ಸರಿಯಾಗಿ ಕರಗಲಿಲ್ಲ, ತಳದಲ್ಲಿ ಮರಳಿನಂತೆ ನಿಂತಿತು. ಟೀಚರಮ್ಮ ಅದನ್ನು ತೆಳ್ಳಗೆ ಮಾಡಿಕೊಂಡು, ಒಂದು ಮೈಕ್ರೋಲೀಟರ್ ಹಾಕುವಲ್ಲಿ ಇಪ್ಪತ್ತು ಹಾಕತೊಡಗಿದಳು. ಇಪ್ಪತ್ತು ಪಟ್ಟು ತೆಳು, ಇಪ್ಪತ್ತು ಪಟ್ಟು ಹೆಚ್ಚು. ಮದ್ದಿನ ಲೆಕ್ಕ ಅಲ್ಲಿಗಲ್ಲಿಗೆ ಸರಿ. ಅಂದಿನಿಂದ ಫಲಿತಾಂಶ ಕನ್ನಡಿಯಷ್ಟು ಸ್ವಚ್ಛ. ಕೈ ಪಳಗಿತು ಎಂದರು ಸರ್. ಕೈ ಪಳಗಿತು ಎಂದುಕೊಂಡಳು ಅವಳೂ.

ಊಟದ ಹೊತ್ತಿಗೆ ಪುಟ್ಟಿ ಚಹಾ ಕೋಣೆಯ ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತಿದ್ದಳು. ಟೀಚರಮ್ಮ ತನ್ನ ಡಬ್ಬಿ ಎತ್ತಿಕೊಂಡು ಹೋಗಿ ಪಕ್ಕದಲ್ಲಿ ಕೂತಳು. ಬಗ್ಗಿ ಅವಳನ್ನು ಮೂಸಿದಳು.

"ಏನಕ್ಕ ಇದು!"

"ನಿನ್ನ ಹತ್ರ ಬೆಳ್ಳುಳ್ಳಿ ವಾಸನೆ ಬರತ್ತಾ ಅಂತ ನೋಡಿದೆ. ನಮ್ಮತ್ತೆ ದಿನಾ ನನ್ನ ಬಾಯಿ ಬೆಳ್ಳುಳ್ಳಿ ನಾರತ್ತೆ ಅಂತಾರೆ. ನಾನು ತಿಂದಿರೋದೇ ಇಲ್ಲ."

ಪುಟ್ಟಿ ಎರಡು ದಿನಗಳಲ್ಲಿ ಮೊದಲ ಸಲ ನಕ್ಕಳು. "ಅದು ಡಿಎಂಎಸ್‌ಒ ಅಕ್ಕ. ಚರ್ಮಕ್ಕೆ ತಾಗಿದ್ರೆ ಒಳಗಿಳಿದು ಉಸಿರಲ್ಲಿ ಬೆಳ್ಳುಳ್ಳಿ ಥರ ಬರತ್ತೆ. ಸೇಫ್ಟಿ ಕ್ಲಾಸಲ್ಲಿ ಹೇಳಿದ್ರಲ್ಲ, ನೀವು ಅವತ್ತು ಬಂದಿರ್ಲಿಲ್ಲ. ಅತ್ತೇನ ಕರಗಿಸ್ವಾಗ ಟ್ಯೂಬ್ ಬಾಯಿಗೆ ಹೆಬ್ಬೆರಳು ಒತ್ತಿ ಕುಲುಕ್ತೀರಲ್ಲ, ಶಾಲೇಲಿ ಮಾಡೋ ಹಾಗೆ. ಆ ಗ್ಲೌಸು ಅದನ್ನ ತಡೆಯಲ್ಲ."

ಟೀಚರಮ್ಮ ಹೆಬ್ಬೆರಳನ್ನು ನೋಡಿಕೊಂಡಳು. ಅತ್ತೆಯವರ ಮೂಗು ಸುಳ್ಳು ಹೇಳಿರಲಿಲ್ಲ. ಒಂದು ಗಂಟು ಬಿಚ್ಚಿತು ಎಂದು ಸಮಾಧಾನವಾಗುವಷ್ಟರಲ್ಲಿ ಇನ್ನೊಂದು ಗಂಟು ಬಿತ್ತು.

"ಮತ್ತೆ ನೀನು? ದಿನಾ ಬೆಳಿಗ್ಗೆ ಸೊನ್ನೆ ತಟ್ಟೆಗೆ ನೀನೂ ಅದನ್ನೇ ಹಾಕ್ತೀಯಲ್ಲ. ನಿಂಗ್ಯಾಕೆ ಬರಲ್ಲ?"

"ನಾನು ಹಾಕೋದು ಎಷ್ಟಕ್ಕ? ತಟ್ಟೆಗೆ ಒಂದು ಮೈಕ್ರೋಲೀಟರ್. ಅಷ್ಟರಲ್ಲಿ ಏನು ವಾಸನೆ ಬರತ್ತೆ?"

"ಒಂದಾ?"

"ಒಂದು. ಮೊದಲನೇ ದಿನ ನೀವೇ ಹೇಳಿಕೊಟ್ಟಿದ್ದು."

ಪುಟ್ಟಿಯ ಚಮಚ ಡಬ್ಬಿಗೂ ಬಾಯಿಗೂ ನಡುವೆ ನಿಂತಿತು. ಇಬ್ಬರಿಗೂ ಲೆಕ್ಕ ಒಟ್ಟಿಗೇ ಹೊಳೆದಿತ್ತು. ಅತ್ತೆಯ ತಟ್ಟೆಗೆ ಇಪ್ಪತ್ತು ಪಾಲು ಡಿಎಂಎಸ್‌ಒ. ಟೀಚರಮ್ಮ ಹೇಳಿದಂತೆ ಮಾವನನ್ನೂ ಅದೇ ತೆಳುವಿಗೆ ಕರಗಿಸಿದ್ದರಿಂದ ಅವನ ತಟ್ಟೆಗೂ ಇಪ್ಪತ್ತು. ಸೊನ್ನೆ ತಟ್ಟೆಗೆ ಇಂದಿಗೂ ಒಂದೇ.

ಎರಡು ಕುಂಡ ತಗೊಳ್ಳಿ ಮಕ್ಕಳೇ, ಒಂದನ್ನು ಬಿಸಿಲಲ್ಲಿಡಿ, ಒಂದನ್ನು ಕತ್ತಲಲ್ಲಿಡಿ, ಮಿಕ್ಕಿದ್ದೆಲ್ಲ ಎರಡಕ್ಕೂ ಒಂದೇ ಇರ್ಲಿ. ಹದಿನಾಲ್ಕು ವರ್ಷ ಹೇಳಿದ ಪಾಠ. ಹೇಳುವವರ ಕಿವಿಗೆ ತಮ್ಮ ಪಾಠ ಬೀಳುವುದಿಲ್ಲ ಎಂದು ಕಾಣುತ್ತದೆ.

"ಆದ್ರೆ ಅಕ್ಕ," ಎಂದಳು ಪುಟ್ಟಿ ನಿಧಾನವಾಗಿ, "ಅಷ್ಟು ಡಿಎಂಎಸ್‌ಒ ಹಾಕಿದ್ರೆ ಗೀರು ಮುಚ್ಚದೇ ಇರತ್ತೆ ಅಂತ ನಮಗೇನು ಗೊತ್ತು? ಮುಚ್ಚಲೂಬಹುದು. ನಾನೂ ತಪ್ಪು ತುಂಬಿರಬಹುದು."

ಅದೂ ನಿಜ. ಟೀಚರಮ್ಮನಿಗೆ ಈಗ ಯಾವುದು ಆಗಲಿ ಎಂದು ಹಾರೈಸಬೇಕೋ ಗೊತ್ತಾಗಲಿಲ್ಲ. ಮುಚ್ಚಿದರೆ ತನ್ನ ಡಾಕ್ಟರೇಟು ಉಳಿಯುತ್ತದೆ, ಪುಟ್ಟಿ ತಪ್ಪಿತಸ್ಥೆಯಾಗಿಯೇ ಉಳಿಯುತ್ತಾಳೆ. ಮುಚ್ಚದಿದ್ದರೆ ಪುಟ್ಟಿ ಉಳಿಯುತ್ತಾಳೆ, ತನ್ನದೆಲ್ಲ ನೀರಿನಲ್ಲಿ ಹೋಮ. ನೋಡದೆಯೇ ಬಿಟ್ಟರೆ? ನಾಳೆ ಸಂಜೆ ಪ್ರಬಂಧ ತನ್ನ ಪಾಡಿಗೆ ಹೋಗುತ್ತದೆ. ಯಾರು ಕೇಳುತ್ತಾರೆ? ಪುಟ್ಟಿ ಕೇಳುವುದಿಲ್ಲ, ಅದು ಅವಳ ಮುಖದಲ್ಲೇ ಬರೆದಿತ್ತು. ಆ ಮುಖ ನೋಡಿಯೇ ಟೀಚರಮ್ಮ ಎದ್ದಳು.

"ನಡಿ. ತಟ್ಟೆ ತೆಗಿ."

ನಾಲ್ಕು ತಟ್ಟೆಗಳಲ್ಲಿ ಗೀರು ಎಳೆದರು. ಒಂದಕ್ಕೆ ಹಳೆಯ ಸೊನ್ನೆ, ಒಂದು ಮೈಕ್ರೋಲೀಟರ್. ಒಂದಕ್ಕೆ ಹೊಸ ಸೊನ್ನೆ, ಬರೀ ಡಿಎಂಎಸ್‌ಒ, ಇಪ್ಪತ್ತು. ಮಿಕ್ಕ ಎರಡಕ್ಕೆ ಅತ್ತೆ ಮ‌ತ್ತು ಮಾವ. ಪುಟ್ಟಿ ಹಾಕಿದಳು, ಟೀಚರಮ್ಮ ಪಕ್ಕದಲ್ಲಿ ನಿಂತಳು. ಸರ್ ಹೇಳಿದಂತೆ ಜೊತೆಗೊಬ್ಬರು ಇದ್ದ ಹಾಗೂ ಆಯಿತು.

*

ಶುಕ್ರವಾರ ಬೆಳಿಗ್ಗೆ ಟೀಚರಮ್ಮ ಮೈಕ್ರೋಸ್ಕೋಪಿನ ಮುಂದೆ ಕೂತು ಹಳೆಯ ಸೊನ್ನೆಯನ್ನು ಇಟ್ಟಳು. ಗೀರು ಮುಚ್ಚಿತ್ತು. ಅತ್ತೆಯನ್ನು ಇಟ್ಟಳು. ತೆರೆದಿತ್ತು. ಮಾವನನ್ನು ಇಟ್ಟಳು. ತೆರೆದಿತ್ತು. ಕೊನೆಯ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು, "ನೀನೇ ನೋಡು," ಎಂದು ಪುಟ್ಟಿಗೆ ಕೊಟ್ಟಳು. ಪುಟ್ಟಿ ಬಗ್ಗಿ ನೋಡಿದಳು.

"ತೆರೆದೇ ಇದೆ ಅಕ್ಕ."

ಟೀಚರಮ್ಮ ತಾನೂ ನೋಡಿದಳು. ಅತ್ತೆಯೂ ಇಲ್ಲದ, ಮಾವನೂ ಇಲ್ಲದ ತಟ್ಟೆಯಲ್ಲಿ ಗೀರು ಅದೇ ಅಗಲಕ್ಕೆ ಬಾಯಿ ಬಿಟ್ಟುಕೊಂಡಿತ್ತು. ಎರಡೂ ದಂಡೆಯ ಕೋಶಗಳು ಬೆಳ್ಳುಳ್ಳಿಯ ನಾತಕ್ಕೆ ಮೂಗು ಮುಚ್ಚಿಕೊಂಡು ಕೂತಂತೆ ಕೂತಿದ್ದವು. ಮೂರು ತಟ್ಟೆಗಳನ್ನು ಅದಲು ಬದಲು ಮಾಡಿದರೆ ಯಾವುದು ಯಾವುದೆಂದು ಅವಳೂ ಹೇಳಲಾರದೆ ಹೋಗುತ್ತಿದ್ದಳು. ಅಳು ಬರುತ್ತದೆ ಎಂದುಕೊಂಡಳು, ಬರಲಿಲ್ಲ. ನಗು ಬಂದೀತೆಂದು ಹೆದರಿದಳು, ಅದೂ ಬರಲಿಲ್ಲ. ಎದ್ದು ಸರ್ ಕೋಣೆಗೆ ಹೋದಳು.

ಸರ್ ಎಲ್ಲವನ್ನೂ ಕೇಳಿದರು. ಎರಡು ಸಲ ಕೇಳಿದರು. ಆಮೇಲೆ ಕುರ್ಚಿ ತಿರುಗಿಸುವುದನ್ನು ನಿಲ್ಲಿಸಿದರು.

"ಹಾಗಾದ್ರೆ ಅತ್ತೆ ತಡೀತಾಳೋ ಇಲ್ವೋ?"

"ಗೊತ್ತಿಲ್ಲ ಸರ್. ಡಿಎಂಎಸ್‌ಒ ಒಂದೇ ಎಲ್ಲಾನೂ ನಿಲ್ಲಿಸಿಬಿಟ್ಟಿದೆ. ಅದರ ಮಧ್ಯೆ ಅತ್ತೆ ಕೆಲಸ ಮಾಡ್ತಿದ್ಳೋ, ಸುಮ್ನೆ ಕೂತಿದ್ಳೋ, ಹೇಳೋಕಾಗಲ್ಲ."

"ಆ ಕೈನೇಸಿಗೂ ಗಾಯ ಮುಚ್ಚೋದಕ್ಕೂ ಸಂಬಂಧ?"

"ಅದೂ ಗೊತ್ತಿಲ್ಲ."

"ಮತ್ತೆ ಇಷ್ಟು ವರ್ಷಕ್ಕೆ ನಮಗೆ ಗೊತ್ತಾಗಿದ್ದೇನು?"

"ಪುಟ್ಟಿ ತಪ್ಪು ಮಾಡಿದಾಳೆ ಅನ್ನೋಕೆ ನಮ್ಮ ಹತ್ರ ಯಾವ ಕಾರಣಾನೂ ಇಲ್ಲ ಅನ್ನೋದು ಗೊತ್ತಾಗಿದೆ ಸರ್. ಆ ಟ್ಯೂಬಲ್ಲಿ ಮಾವನೇ ಇದ್ರೂ ಗೀರು ಹೀಗೇ ಇರ್ತಿತ್ತು. ಪ್ರಬಂಧ ಕಳಿಸ್ಬೇಡಿ."

ಸರ್ ಕಿಟಕಿಯ ಕಡೆ ನೋಡುತ್ತ, "ಕಳಿಸ್ಬೇಡಿ ಅಂದ್ರೆ ನಿಮ್ಮ ಅವಧಿ..." ಎಂದರು. ಆಮೇಲೆ, ನೋಡೋಣ ಎಂದರು. ಅವರು ನೋಡೋಣ ಎಂದರೆ ಆಗುತ್ತದೆ ಎಂದೂ ಅರ್ಥ, ಆಗುವುದಿಲ್ಲ ಎಂದೂ ಅರ್ಥ. ಟೀಚರಮ್ಮ ತಲೆಯಾಡಿಸಿ ಹೊರಬಂದಳು.

ಕಾರಿಡಾರಿನ ಕೊನೆಯಲ್ಲಿ ಪುಟ್ಟಿ ಬೇಸಿನ್ನಿನ ಮುಂದೆ ನಿಂತು ಕೈ ತೊಳೆಯುತ್ತಿದ್ದಳು. ಸೋಪಿನ ನೊರೆ ಹೋಗಿ ಎಷ್ಟೋ ಹೊತ್ತಾಗಿತ್ತು, ಆದರೂ ಉಜ್ಜುತ್ತಲೇ ಇದ್ದಳು.

"ಸರ್‌ಗೆ ಎಲ್ಲಾ ಹೇಳಿದೀನಿ," ಎಂದಳು ಟೀಚರಮ್ಮ. "ನಿಂದೇನೂ ತಪ್ಪಿಲ್ಲ ಅಂತ. ತಪ್ಪು ನಂದು. ಇಪ್ಪತ್ತಕ್ಕೆ ಏರಿಸಿದಾಗ ನಿಂಗೆ ಒಂದು ಮಾತು ಹೇಳ್ಬೇಕಿತ್ತು. ಹೇಳದೇ ಇದ್ದಿದ್ದಲ್ದೆ ನಿನ್ನನ್ನೇ ಹಿಡ್ಕೊಂಡೆ. ಮಾಡದ ತಪ್ಪನ್ನ ನನಗೋಸ್ಕರ ಯಾಕೆ ಒಪ್ಕೊಂಡೆ ಪುಟ್ಟಿ?"

ಪುಟ್ಟಿ ನಲ್ಲಿ ನಿಲ್ಲಿಸಿದಳು. ಅವಳ ಮುಖದಲ್ಲಿ ಬಿಡುಗಡೆ ಇರಲಿಲ್ಲ, ದಾರಿ ತಪ್ಪಿದವರ ದಿಗಿಲಿತ್ತು.

"ನಿಮಗೋಸ್ಕರ ಅಲ್ಲ ಅಕ್ಕ. ನಂಗೆ ನಿಜವಾಗ್ಲೂ ನೆನಪಾಯ್ತು. ನೀವೆಲ್ಲ ಅಷ್ಟು ಕೇಳಿದ್ರಲ್ಲ, ಮನೆಗೆ ಹೋಗಿ ಕಣ್ಣು ಮುಚ್ಚಿ ಕೂತು ನೆನಪು ಮಾಡ್ಕೊಂಡೆ. ಎಡಗೈಲಿ ಮಾವನ ಟ್ಯೂಬು, ಬಲಗೈ ಹೋಗಿದ್ದು ಅತ್ತೆ ಸೀಸೆಗೆ. ಪೈಪೆಟ್ ಅದ್ದಿದ್ದು, ಮುಚ್ಚಳ ಹಾಕಿದ್ದು, ಎಲ್ಲಾ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಈಗ್ಲೂ ಕಾಣ್ತಿದೆ." ಅವಳು ಒದ್ದೆ ಕೈಗಳನ್ನು ನೋಡಿಕೊಂಡಳು. "ಆಗದೇ ಇದ್ದದ್ದು ಹೇಗಕ್ಕ ನೆನಪಾಗತ್ತೆ?"

ಟೀಚರಮ್ಮ ತರಗತಿಯಲ್ಲಿ ಯಾವ ಪ್ರಶ್ನೆಗೂ ಗೊತ್ತಿಲ್ಲ ಎಂದವಳಲ್ಲ. ಗೊತ್ತಿಲ್ಲದಿದ್ದರೆ ನಾಳೆ ಹೇಳುತ್ತೇನೆ ಎನ್ನುತ್ತಿದ್ದಳು. ಈಗ ಪುಟ್ಟಿಯ ಒದ್ದೆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನಂಗೊತ್ತಿಲ್ಲ ಕಣೆ," ಎಂದಳು. "ನಾನೂ ದಿನಾ ಬೆಳಿಗ್ಗೆ ಆ ತಟ್ಟೇಲಿ ಅತ್ತೆ ತಡೆಯೋದನ್ನ ಕಣ್ಣಾರೆ ನೋಡ್ತಿದ್ದೆ."